ಕಾಡಂಚಿನ ಜಮೀನು ಮತ್ತು ಅರಣ್ಯ ಕಾಯಿದೆ



ಮಾಗಡಿಯ ಸಾವನದುರ್ಗ, ರಾಮನಗರದ ಹಂದಿಗುಂದಿ, ಕನಕಪುರದಾಚೆಯ ಕಾವೇರಿ ದಂಡೆ, ಈ ಕಾಡುಗಳ ಅಂಚಿನಲ್ಲಿ ಹೊಲವುಳ್ಳ ಬೇಸಾಯಗಾರರು ಬಹಳ ಮಂದಿ. ಇಲ್ಲಿಯ ಕಾಡು ಮಲೆನಾಡಿನಂತೆ ದಟ್ಟವಾದುದಲ್ಲ. ಬಂಡೆ, ಕುರುಚಲು, ಲಂಟಾನ, ಅಲ್ಲಲ್ಲಿ ದಿಂಡಿಗದ ಮರ. ಆದುದರಿಂದ "ಮರವೇ ಇಲ್ಲದ ಮೇಲೆ ಅದೆಂಥ ಕಾಡು?" ಎಂದು ಬದುವನ್ನು ನಾಲ್ಕು ಸಾಲು ಮುಂದಕ್ಕೆ ತಳ್ಳಿ ಉಳುವುದುಂಟು. ಆದರೆ ಮೊದಲು ನೋಡಬೇಕಾದುದು ಮರಗಳ ಎಣಿಕೆಯನ್ನಲ್ಲ, ಸರ್ಕಾರದ ರಾಜ್ಯಪತ್ರವನ್ನು.

ಈಗ ಜಾರಿಯಲ್ಲಿರುವುದು 1963ರ ಕರ್ನಾಟಕ ಅರಣ್ಯ ಕಾಯಿದೆ. ಇದರ 4ನೆಯ ಪ್ರಕರಣದಂತೆ, ಇಂಥ ಜಾಗವನ್ನು ಮೀಸಲು ಅರಣ್ಯ ಮಾಡುವ ಉದ್ದೇಶವಿದೆಯೆಂದು ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಅರಣ್ಯ ವ್ಯವಸ್ಥಾಪನಾಧಿಕಾರಿಗಳು ಗಡುವು ಕೊಟ್ಟು ಹಕ್ಕು ತಕರಾರುಗಳನ್ನು ಕೇಳುತ್ತಾರೆ. ಹೊಲಕ್ಕೆ ಹೋಗುವ ದಾರಿ, ನೀರು, ಮೇವು, ಏನಿದ್ದರೂ ಹೇಳಿಕೊಳ್ಳಬೇಕಾದ ಸಮಯ ಅದು. ಎಲ್ಲ ತೀರ್ಮಾನವಾದ ಬಳಿಕ 17ನೆಯ ಪ್ರಕರಣದ ಅಂತಿಮ ಘೋಷಣೆ. ಆದರೆ ಹೊಸದಾಗಿ ಕಾಡು ಸವರಿ ಸಾಗುವಳಿ ಮಾಡಬಾರದೆಂಬ ನಿರ್ಬಂಧ ಮೊದಲ ಅಧಿಸೂಚನೆಯಿಂದಲೇ ಬಂದಿರುತ್ತದೆ.

ದೊಡ್ಡ ನಷ್ಟವಾಗುವುದು ಜಮೀನು ಕೊಳ್ಳುವಾಗ. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ಸೊಪ್ಪು ಕೊಡುವ ಬೆಳೆ. ಅಗ್ಗಕ್ಕೆ ಸಿಕ್ಕಿತೆಂದು ಕಾಡಂಚಿನಲ್ಲಿ ಎರಡೆಕರೆ ಕೊಂಡು, ಕೊಳವೆ ಬಾವಿ ತೆಗೆಸಿ, ಕಡ್ಡಿ ನೆಟ್ಟು, ಹುಳು ಮನೆ ಕಟ್ಟಿದ ಮೇಲೆ ಅದು ಅರಣ್ಯವೆಂದು ಗೊತ್ತಾದರೆ ರೈತನ ಪಾಲಿಗೆ ಉಳಿಯುವುದು ಸಾಲ ಒಂದೇ. ಪಹಣಿಯಲ್ಲಿ ಹೆಸರಿದೆಯೆಂದು ನೆಮ್ಮದಿಯಾಗಿರುವಂತಿಲ್ಲ. ಪಹಣಿ ಕಂದಾಯ ಇಲಾಖೆಯದು, ಅರಣ್ಯದ ನಕ್ಷೆ ಅರಣ್ಯ ಇಲಾಖೆಯದು. ಎರಡೂ ಎಲ್ಲ ಕಡೆಯಲ್ಲೂ ತಾಳೆಯಾಗುವುದಿಲ್ಲ. ಮುಂಗಡ ಕೊಡುವುದಕ್ಕೆ ಮುಂಚೆಯೇ ಸರ್ವೆ ನಂಬರು ಹಿಡಿದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅಧಿಸೂಚನೆಯನ್ನೂ ನಕ್ಷೆಯನ್ನೂ ನೋಡಬೇಕು. ಸಂಶಯವಿದ್ದರೆ ಎರಡೂ ಇಲಾಖೆಗಳ ಜಂಟಿ ಸರ್ವೆಗೆ ಅರ್ಜಿ ಹಾಕಬೇಕು. ಈ ಓಡಾಟಕ್ಕೆ ನಾಲ್ಕು ದಿನ ಹೋದರೆ ಹೋಗಲಿ.

"ಮುಂದೆ ಸಕ್ರಮ ಮಾಡಿಸಿಕೊಡುತ್ತೇವೆ" ಎನ್ನುವ ದಲ್ಲಾಳಿಗಳಿಗೇನೂ ಕೊರತೆಯಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದಂದಿನಿಂದ ಅರಣ್ಯ ಭೂಮಿಯನ್ನು ಬೇರೆ ಉಪಯೋಗಕ್ಕೆ ಬಿಡಬೇಕಾದರೆ ರಾಜ್ಯ ಸರ್ಕಾರವೇ ಕೇಂದ್ರದ ಪೂರ್ವಾನುಮತಿ ಪಡೆಯಬೇಕು. ದಲ್ಲಾಳಿಯ ಮಾತು ಅಲ್ಲಿಯ ತನಕ ಹೋಗುವುದಿಲ್ಲ.

ಇರುಳಿಗರ ಸಂಗತಿ ಬೇರೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿದ್ದು ಅದನ್ನೇ ನಂಬಿ ಬದುಕಿದ ಬುಡಕಟ್ಟು ಕುಟುಂಬಕ್ಕೆ, ಅನುಭವದಲ್ಲಿರುವಷ್ಟು ಭೂಮಿಯ ಮೇಲೆ, 4 ಹೆಕ್ಟೇರು ಮೀರದಂತೆ ಹಕ್ಕುಂಟು. ಜೇನು ಮುಂತಾದ ಕಿರು ಉತ್ಪನ್ನಗಳ ಹಕ್ಕೂ ಉಂಟು. ಇತರರಾದರೆ 75 ವರ್ಷಗಳ ವಾಸವನ್ನು ರುಜುವಾತು ಪಡಿಸಬೇಕು. ಈ ಭೂಮಿ ಮಕ್ಕಳಿಗೆ ಬರುತ್ತದೆ, ಮಾರಾಟಕ್ಕೆ ಬರುವುದಿಲ್ಲ. ಇರುಳಿಗರಿಂದ ಅದನ್ನು ಬರೆಸಿಕೊಂಡವರಿಗೆ ದಕ್ಕುವುದೂ ಇಲ್ಲ. ಅರ್ಜಿಯನ್ನು ಕೊಡಬೇಕಾದುದು ಗ್ರಾಮಸಭೆಗೆ. ಅಲ್ಲಿ ತಿರಸ್ಕಾರವಾದರೆ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಮತ್ತೆ 60 ದಿನಗಳೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಸಲ್ಲಿಸಬಹುದು.