ಕಂಬದ ಮೇಲಿನ ಜೋಡಣೆ

(ನಾಗಪುರದ ಸದರ್‌ನಲ್ಲಿ ರಾಜ್ಯೋತ್ಸವದ ಸಂಜೆ ಮಾಡಿದ ಭಾಷಣ)



ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಇವನಿಗೆ ಟೆಲಿಫೋನ್ ತಂತಿಯ ಗೊಡವೆ ಏಕೆಂದು ನೀವು ನಗಬಹುದು. ಆದರೆ ‘ಲಿಂಕ್ ಇಲ್ಲ’ ಎಂಬ ಹಲಗೆ ತೂಗಿದ ದಿನ ಗಿರಾಕಿಗಳ ಬೈಗುಳಕ್ಕೆ ಗುರಿಯಾಗುವವನು ಗುಮಾಸ್ತನೇ. ಅಂದಮೇಲೆ ತಂತಿಯ ಸುಖದುಃಖ ನನಗೂ ಸೇರಿದ್ದು.

2003ರ ಮಳೆಗಾಲ. ಆಗ ನಾನು ಶಾಲೆಯ ಹುಡುಗ. ಗದಗಿನಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. ಸದರ್‌ನ ನಮ್ಮ ಮನೆಯ ಫೋನು ಮೊದಲು ಗೊರಗೊರ ಎಂದಿತು, ಆಮೇಲೆ ಮೂಕವಾಯಿತು. ಅಪ್ಪ ಛತ್ರಿ ಹಿಡಿದು ಎಸ್.ಟಿ.ಡಿ. ಬೂತಿಗೆ ಹೋಗಿ ವಿಚಾರಿಸಿದಾಗ ‘ಆರಾಮ ಇದ್ದಾಳೆ’ ಎಂಬ ಉತ್ತರ ಬಂದಿತ್ತು. ಆದರೆ ಊರಿನಿಂದ ಬರುವ ಕರೆ ನಮ್ಮನ್ನು ಮುಟ್ಟುವುದು ಹೇಗೆ?

ಹತ್ತನೆಯ ದಿನ ಲೈನ್‌ಮನ್ ಬಂದರು. ಏಣಿ ಹಾಕಿ ಕಂಬ ಹತ್ತಿ, ಡಿ.ಪಿ. ಪೆಟ್ಟಿಗೆ ತೆರೆದರು. ಜೋಡಣೆಯೊಳಗೆ ನೀರು ಇಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಪ್ರತಿ ಫೋನಿಗೂ ಎರಡೆರಡು ತಂತಿ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಿರಲೆಂದು ಆ ಜೋಡಿಯನ್ನು ಹುರಿಗೊಳಿಸಿರುತ್ತಾರೆ. ಗುರುತಿಗೆ ಬಣ್ಣ: ಬಿಳಿಗೆ ನೀಲಿ, ಬಿಳಿಗೆ ಕಿತ್ತಳೆ, ಹೀಗೆ ಐದೈದು ಬಣ್ಣಗಳ ಎರಡು ಸಾಲಿನಿಂದ 25 ಜೋಡಿ. ಒಂದು ತಂತಿ ತಪ್ಪಿದರೆ, ಒಬ್ಬರ ಹಣವನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿದಂತೆ! ಅವರು ಕೆಟ್ಟದ್ದನ್ನು ಕತ್ತರಿಸಿ, ಬಣ್ಣಕ್ಕೆ ಬಣ್ಣ ಕೂಡಿಸಿ, ನೀರು ಇಳಿಯದಂತೆ ಮುಚ್ಚಿ, ಮೇಲಿನಿಂದಲೇ ‘ಝಾಲಂ, ಬೋಲಾ!’ ಎಂದರು.

ಅರ್ಧ ತಾಸಿನೊಳಗೆ ಫೋನು ಬಾರಿಸಿತು. ಗದಗಿನಿಂದ ಕಾಕಾ. ‘ಮೂರು ದಿನದಿಂದ ಹಚ್ಚಾಕ ಹತ್ತೀನಿ, ಲಗೂನ ಬಾ’ ಎಂದರು. ಅಪ್ಪ ಅಂದೇ ಹೊರಟರು. ಅಜ್ಜಿ ಅವರನ್ನು ಕಣ್ಣು ತೆರೆದು ನೋಡಿ, ‘ಉಂಡ್ಯೇನಪಾ?’ ಎಂದು ಕೇಳಿದಳಂತೆ. ಮರುದಿನ ತೀರಿಕೊಂಡಳು. ಆ ಲೈನ್‌ಮನ್ನರ ಹೆಸರು ಕೇಳುವುದು ನಮಗೆ ಹೊಳೆಯಲೇ ಇಲ್ಲ. ಅವ್ವ ಕೊಟ್ಟ ಒಂದು ಲೋಟ ಚಹಾ, ಅಷ್ಟೇ ನಮ್ಮಿಂದ ಸಂದದ್ದು.

1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೇಶದ ಎಷ್ಟೋ ಮನೆಗಳಿಗೆ ಫೋನು ಕೊಟ್ಟಿತು. ಅದು ನಮಗೆ ಹೆಮ್ಮೆ. ಆದರೆ ಫೋನು ಮಾತನಾಡಿದ್ದು ಕಂಬ ಹತ್ತಿದವರಿಂದ. ಇಂದು ತಾಮ್ರದ ಜಾಗಕ್ಕೆ ಕೂದಲೆಳೆಯಂಥ ಗಾಜು ಬಂದಿದೆ. ಅದರ ತುದಿಗಳನ್ನು ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುತ್ತಾರೆ. ಧೂಳಿನ ಒಂದು ಕಣ ಸಾಕು, ಬೆಸುಗೆ ಕೆಡಲು. ವಿದ್ಯುತ್ ತಂತಿಯ ಪಕ್ಕದಲ್ಲೇ ನಿಂತು ನಾಗಪುರದ ಮೇ ತಿಂಗಳ ಬಿಸಿಲಿನಲ್ಲಿ ಈ ಕೆಲಸ ಮಾಡುವವರನ್ನು ಕಂಡರೆ ಒಂದು ತಂಬಿಗೆ ನೀರು ಕೊಡಿ, ಹೆಸರನ್ನೂ ಕೇಳಿ.

1956ರ ನವೆಂಬರ್ 1ರಂದು ಹರಿದು ಹಂಚಿದ್ದ ನಾಡು ಕೂಡಿತು. ಕೂಡಿಸುವುದು ಒಂದು ದಿನದ ಹಬ್ಬ, ಕಾಪಾಡುವುದು ದಿನದಿನದ ದುಡಿಮೆ. ತಂತಿಯನ್ನು ಅವರು ನೋಡಿಕೊಳ್ಳುತ್ತಾರೆ. ಆದರೆ ಮೊಮ್ಮಕ್ಕಳಿಗೆ ಕನ್ನಡ ಬಾರದಿದ್ದರೆ, ಆ ತುದಿಯಲ್ಲಿ ಕುಳಿತ ಅಜ್ಜಿಗೆ ಲೈನು ಇದ್ದರೇನು, ಇಲ್ಲದಿದ್ದರೇನು? ಆ ಜೋಡಣೆ ನಮ್ಮ ಪಾಲಿನ ಕೆಲಸ. ಇಂದು ರಾತ್ರಿ ಮನೆಗೆ ಹೋದೊಡನೆ ಮಕ್ಕಳ ಕೈಗೆ ಫೋನು ಕೊಟ್ಟು, ಊರಿನ ಹಿರಿಯರೊಡನೆ ಕನ್ನಡದಲ್ಲಿ ನಾಲ್ಕು ಮಾತು ಆಡಿಸಿರೆಂದು ಬೇಡಿ, ನನ್ನ ಮಾತು ಮುಗಿಸುತ್ತೇನೆ.