ಉಂಗುರಗಳಲ್ಲಿ ಉಳಿದ ಬೆಂಕಿ



ಕಾಡಿಗೆ ಬೆಂಕಿ ಬಿದ್ದರೆ ಕಾಡು ಹಾಳು ಎಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ನಾನೂ ಬಹುಕಾಲ ಹಾಗೆಯೇ ಹೇಳಿದವನು. ಉತ್ತರ ಅಮೆರಿಕದ ಎರಡು ಪೈನ್ ಕಾಡುಗಳ ಸಂಗತಿಯನ್ನು ಓದಿದ ಮೇಲೆ ಆ ಧೈರ್ಯ ಉಳಿದಿಲ್ಲ.

ಒಂದು, ಕ್ಯಾಲಿಫೋರ್ನಿಯದ ಸಿಯೆರ್ರಾ ನೆವಾಡ ಶ್ರೇಣಿಯದು. ಇನ್ನೊಂದು, ಅದರ ದಕ್ಷಿಣಕ್ಕೆ ಮೆಕ್ಸಿಕೋದಲ್ಲಿರುವ ಸಾನ್ ಪೆದ್ರೊ ಮಾರ್ತಿರ್ ಬೆಟ್ಟಗಳದು. ಎರಡರಲ್ಲಿಯೂ ಜೆಫ್ರಿ ಪೈನ್ ಮೊದಲಾದ ಸೂಚಿಪರ್ಣ ಮರಗಳು. ಹವೆಯೂ ಬಹುಮಟ್ಟಿಗೆ ಒಂದೇ. ಚರಿತ್ರೆ ಮಾತ್ರ ಬೇರೆ. ಮೊದಲನೆಯದರ ಹಿರಿಯ ಮರಗಳನ್ನು ಹಲವೆಡೆ 19ನೆಯ ಶತಮಾನದಲ್ಲಿಯೇ ಕಡಿದರು. ಮುಂದೆ, ಇಂದು ಕಂಡ ಬೆಂಕಿ ನಾಳೆ ಬೆಳಗಿನ ಹತ್ತು ಗಂಟೆಯೊಳಗೆ ಹತೋಟಿಗೆ ಬರಬೇಕೆಂದು ಅರಣ್ಯ ಸೇವೆ 1935ರಲ್ಲಿ ನಿಯಮವನ್ನೇ ಮಾಡಿತು. ಮೆಕ್ಸಿಕೋದ ಕಾಡಿಗೆ ಕೊಡಲಿ ತಾಗಲಿಲ್ಲ. 1970ರ ಸುಮಾರಿನವರೆಗೂ ಸಿಡಿಲಿನ ಬೆಂಕಿಯನ್ನು ನಂದಿಸುವವರೂ ಇರಲಿಲ್ಲ.

ಬೆಂಕಿಯ ಈ ಚರಿತ್ರೆಯನ್ನು ಬರೆದಿಟ್ಟವು ಮರಗಳೇ. ನೆಲದ ಮೇಲೆ ಹರಿದುಹೋಗುವ ಸಣ್ಣ ಬೆಂಕಿ ಬುಡದ ಒಂದು ಮಗ್ಗುಲನ್ನು ಸುಡುತ್ತದೆ, ಮರ ಸಾಯುವುದಿಲ್ಲ. ಹೊಸ ಮರಪದರ ಆ ಗಾಯವನ್ನು ಅಂಚಿನಿಂದ ಮುಚ್ಚುತ್ತಾ ಬರುತ್ತದೆ. ಬುಡದ ಅಡ್ಡಕೊಯ್ತದಲ್ಲಿ ಗಾಯವಿರುವ ಉಂಗುರದವರೆಗೆ ಎಣಿಸಿದರೆ ಬೆಂಕಿಯ ವರ್ಷ ದೊರೆಯುತ್ತದೆ. ಅನೇಕ ಮರಗಳ ಉಂಗುರಗಳನ್ನು ಹೊಂದಿಸಿ ನೋಡಿದಾಗ ಈ ಕಾಡುಗಳಲ್ಲಿ ಹಿಂದೆ ಒಂದೆರಡು ದಶಕಗಳಿಗೊಮ್ಮೆಯಾದರೂ ಬೆಂಕಿ ಸುಳಿಯುತ್ತಿತ್ತೆಂದು ತಿಳಿಯಿತು. ಸಿಯೆರ್ರಾದ ಮರಗಳಲ್ಲಿ 20ನೆಯ ಶತಮಾನದ ಗಾಯಗಳೇ ಅಪರೂಪ.

ಪರಿಣಾಮ ಕಾಡಿನ ರಚನೆಯಲ್ಲಿ ಕಾಣುತ್ತದೆ. ಸಾನ್ ಪೆದ್ರೊದಲ್ಲಿ ಹೆಕ್ಟೇರಿಗೆ ಸರಾಸರಿ 145 ಮರಗಳು. ಆದರೆ ಒಂದೆಡೆ 30, ಇನ್ನೊಂದೆಡೆ 320. ಸರಾಸರಿಗಿಂತ ಈ ಏರುಪೇರೇ ಮುಖ್ಯ. ತೆರವುಗಳ ನಡುವೆ ಬೆಂಕಿಗೆ ಮೇಲೇರಲು ಮೆಟ್ಟಿಲಿಲ್ಲ. ಸಿಯೆರ್ರಾದಲ್ಲಾದರೋ ನೆರಳಿನಲ್ಲಿ ಬೆಳೆವ ಫರ್ ಸಸಿಗಳು ಒತ್ತೊತ್ತಾಗಿ ಎದ್ದು, ಬೆಂಕಿಯನ್ನು ತುದಿಗೆ ಏರಿಸುವ ಏಣಿಯಾದವು. ಬರಗಾಲದ ಬೆನ್ನಿಗೇ 2003ರಲ್ಲಿ ಮೆಕ್ಸಿಕೋದ ಕಾಡು ಹೊತ್ತಿದಾಗ ಹೆಚ್ಚಿನ ಮರಗಳು ಬದುಕಿದವು. 2020ರಲ್ಲಿ ಸಿಯೆರ್ರಾದ ಒಂದೇ ಬೆಂಕಿಗೆ ಸಾವಿರಾರು ದೈತ್ಯ ಸಿಕೋಯಗಳು ಬಲಿಯಾದವು. ಬರ, ಬಿಸಿಲುಗಳ ಪಾಲೂ ಅದರಲ್ಲಿದೆ. ‘ನಿರ್ವಹಿತ’ ಎಂಬ ಮಾತನ್ನು ಹೊಗಳಿಕೆಯೆಂದು ತಿಳಿಯುವ ನಮ್ಮ ಅಭ್ಯಾಸ ಇಲ್ಲಿ ತಡವರಿಸುತ್ತದೆ.

ಇದನ್ನೇ ನೀಲಗಿರಿಯ ಶೋಲಾ ಕಾಡಿಗೆ ಅನ್ವಯಿಸಬಾರದು; ಅಲ್ಲಿ ಬೆಂಕಿ ನಾಶವೇ ಸರಿ. ಆದರೆ ಬಿಳಿಗಿರಿಯ ಸೋಲಿಗರು ಬೇಸಗೆಯ ಮೊದಲಲ್ಲಿ ಇಡುತ್ತಿದ್ದ ‘ತರಗು ಬೆಂಕಿ’ ಇದಕ್ಕೆ ಹತ್ತಿರದ ಸಂಗತಿ. ತಾಳವಾಡಿಯ ಶಾಲೆಗಳಲ್ಲಿ ಸೋಲಿಗರ ಮಕ್ಕಳಿದ್ದಾರೆ. ಈ ಪಾಠದ ದಿನ ಅವರ ಅಜ್ಜಂದಿರನ್ನು ತರಗತಿಗೆ ಕರೆಯಿರಿ.