ಬಾರದ ಸೈನ್ಯದ ನೆರಳು



ಬಲಿಷ್ಠವಾದ ರಾಷ್ಟ್ರವೊಂದು ತನ್ನ ನೆರೆಯ ಅಲ್ಪರಾಷ್ಟ್ರದ ಮೇಲೆ ದಂಡೆತ್ತಿ ಹೋದಾಗ ಉಳಿದ ಲೋಕವು ಏನನ್ನು ನುಡಿಯುತ್ತದೆ, ಏನನ್ನು ಮಾಡುತ್ತದೆ, ಏನನ್ನು ಮಾಡದೆ ಬಿಡುತ್ತದೆ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಈ ಉಪನ್ಯಾಸಮಾಲೆಯ ವ್ಯವಸ್ಥಾಪಕರು ಕೇಳಿದಾಗ, ನನ್ನ ಮನಸ್ಸು ಮೊದಲು ಓಡಿದ್ದು 1939ನೆಯ ಇಸವಿಯ ಚಳಿಗಾಲಕ್ಕೆ, ಫಿನ್ಲೆಂಡ್ ದೇಶಕ್ಕೆ. ಇಂಥ ಅನ್ಯಾಯಗಳಿಗೆ ಚರಿತ್ರೆಯಲ್ಲಿ ಕೊರತೆಯಿಲ್ಲ. ಆದರೆ ಅಷ್ಟೊಂದು ದೇಶಗಳ ಕನಿಕರವು ಒಂದೇ ಸಣ್ಣ ನಾಡಿನ ಕಡೆಗೆ ಹರಿದುದೂ, ಹರಿದ ಆ ಕನಿಕರವು ಎಲ್ಲೆಲ್ಲಿ ಇಂಗಿಹೋಯಿತೆಂಬುದು ನಮಗೆ ಇಷ್ಟು ಸ್ಪಷ್ಟವಾಗಿ ಕಾಣುವುದೂ ಅಪೂರ್ವವಾದ ಸಂಗತಿ.

ಫಿನ್ನರ ನಾಡು ನೂರು ವರ್ಷಕ್ಕೂ ಮಿಕ್ಕಿ ರಷ್ಯದ ಚಕ್ರವರ್ತಿಗಳ ಅಧೀನದಲ್ಲಿದ್ದು 1917ರಲ್ಲಿ ಸ್ವತಂತ್ರವಾಯಿತು. ಯುದ್ಧದ ಕಾಲಕ್ಕೆ ಅಲ್ಲಿಯ ಜನ ಸುಮಾರು 37 ಲಕ್ಷ. ಎದುರಿಗಿದ್ದ ಸೋವಿಯತ್ ಒಕ್ಕೂಟದ ಜನ ಸುಮಾರು 17 ಕೋಟಿ. ಲೆನಿನ್‌ಗ್ರಾಡ್ ಮಹಾನಗರವು ಫಿನ್ನರ ಗಡಿಯಿಂದ ಕೇವಲ 32 ಕಿಲೋಮೀಟರಿನಷ್ಟು ದೂರದಲ್ಲಿದ್ದುದರಿಂದ, ಕರೇಲಿಯದ ಭೂಸಂಧಿಯಲ್ಲಿ ಗಡಿಯನ್ನು ಹಿಂದಕ್ಕೆ ಸರಿಸಬೇಕು, ಹಾಂಕೊ ಬಂದರನ್ನು ಗುತ್ತಿಗೆಗೆ ಕೊಡಬೇಕು, ಪ್ರತಿಯಾಗಿ ಉತ್ತರದ ಕಡೆ ಹೆಚ್ಚು ವಿಸ್ತಾರವಾದ ಭೂಮಿಯನ್ನು ಪಡೆಯಬಹುದು ಎಂದು ಮಾಸ್ಕೋ ಕೇಳಿತು. ಯುರೋಪಿನಲ್ಲಿ ಆಗಲೇ ಮಹಾಯುದ್ಧ ಹೊತ್ತಿಕೊಂಡಿತ್ತಾದ್ದರಿಂದ ಸೋವಿಯತರ ಆತಂಕವು ಕೇವಲ ಕಲ್ಪಿತವಾದುದೆಂದು ನಾನು ಹೇಳಲಾರೆ. ಆದರೆ ನನ್ನ ಮನೆಗೆ ಭದ್ರತೆ ಸಾಲದೆಂಬ ಕಾರಣಕ್ಕೆ ನೆರೆಯವನ ಜಗಲಿಯು ನನ್ನದಾಗಲಾರದಷ್ಟೆ. ಫಿನ್ನರು ಒಪ್ಪಲಿಲ್ಲ. ನವೆಂಬರ್ 26ರಂದು ಗಡಿಯ ಮೈನಿಲ ಎಂಬ ಹಳ್ಳಿಯಲ್ಲಿ ಗುಂಡುಗಳು ಬಿದ್ದವು. ಹೊಡೆದವರು ಫಿನ್ನರೇ ಎಂದು ಮಾಸ್ಕೋ ಆರೋಪಿಸಿತು. ನವೆಂಬರ್ 30ರ ಬೆಳಗ್ಗೆ ಸೇನೆಗಳು ಗಡಿಯನ್ನು ದಾಟಿದವು, ಹೆಲ್ಸಿಂಕಿಯ ಮೇಲೆ ಬಾಂಬುಗಳು ಬಿದ್ದವು.

ಇಲ್ಲಿ ಒಂದು ವಿಷಯವನ್ನು ತಾವು ಲಕ್ಷಿಸಬೇಕು. ದಾಳಿಯಾದ ಮರುದಿನವೇ ಗಡಿಯೊಳಗಿನ ತೆರಿಯೋಕಿ ಎಂಬ ಊರಿನಲ್ಲಿ, ಮಾಸ್ಕೋದಲ್ಲಿ ನೆಲೆಸಿದ್ದ ಓಟೋ ಕೂಸಿನೆನ್ ಎಂಬ ಫಿನ್ನಿಷ್ ಕಮ್ಯುನಿಸ್ಟನ ನೇತೃತ್ವದಲ್ಲಿ ಒಂದು ಸರ್ಕಾರವನ್ನು ನಿಲ್ಲಿಸಿ, ಅದರೊಡನೆ ಒಪ್ಪಂದ ಮಾಡಿಕೊಂಡು, ತಾವು ಫಿನ್ಲೆಂಡಿನೊಡನೆ ಯುದ್ಧವನ್ನೇ ಮಾಡುತ್ತಿಲ್ಲವೆಂದು ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘಕ್ಕೆ ಉತ್ತರ ಕಳುಹಿಸಿದನು. ಲೋಕದ ಅಭಿಪ್ರಾಯವು ಬೆಲೆಯಿಲ್ಲದ ವಸ್ತುವೆಂದು ವಾದಿಸುವವರು ಇದಕ್ಕೆ ಏನು ಹೇಳುವರು? ಕೋಟ್ಯಂತರ ಜನರನ್ನೂ ಸಾವಿರಾರು ಫಿರಂಗಿಗಳನ್ನೂ ಹೊಂದಿದ್ದ ರಾಜ್ಯವು ತಾನು ಮಾಡುತ್ತಿರುವ ಕೆಲಸಕ್ಕೆ ಅದರ ನಿಜವಾದ ಹೆಸರನ್ನಿಡಲು ಅಂಜಿ, ಒಂದು ಹಳ್ಳಿಯಂಥ ಊರಿನಲ್ಲಿ ಸರ್ಕಾರವೊಂದನ್ನು ಹುಟ್ಟಿಸಬೇಕಾಯಿತು.

ಜಿನೀವಾದಲ್ಲಿ ರಾಷ್ಟ್ರಸಂಘವು ಕೂಡಿತು. ಮಂಚೂರಿಯವನ್ನು ಜಪಾನ್ ನುಂಗಿದಾಗಲೂ, ಅಬಿಸೀನಿಯವನ್ನು ಇಟಲಿ ತುಳಿದಾಗಲೂ ದೃಢವಾಗಿ ನಿಲ್ಲಲಾರದೆ ಹೋದ ಆ ಸಂಸ್ಥೆಯು, ಡಿಸೆಂಬರ್ 14ರಂದು ಸೋವಿಯತ್ ಒಕ್ಕೂಟವನ್ನು ಸದಸ್ಯತ್ವದಿಂದ ಹೊರಹಾಕಿತು. ಸಂಘದ ಇಡೀ ಆಯುಷ್ಯದಲ್ಲಿ ಹೀಗೆ ಹೊರಹಾಕಲ್ಪಟ್ಟ ರಾಷ್ಟ್ರ ಅದೊಂದೇ. ಆದರೆ ಮಂಡಲಿಯ 15 ಸದಸ್ಯರಲ್ಲಿ ಆ ನಿರ್ಣಯಕ್ಕೆ ಕೈಯೆತ್ತಿದವರು 7 ಮಂದಿ ಮಾತ್ರ. ಫಿನ್ಲೆಂಡಿನ ಅತ್ಯಂತ ಸಮೀಪದ ಬಂಧುಗಳಾದ ಉತ್ತರದ ರಾಷ್ಟ್ರಗಳೂ ಮಹಾಸಭೆಯಲ್ಲಿ ತಟಸ್ಥವಾಗಿ ಉಳಿದವು. ಹತ್ತಿರ ಇದ್ದವರಿಗೆ ಭಯ, ದೂರ ಇದ್ದವರಿಗೆ ಧೈರ್ಯ. ನಮ್ಮ ಭಾರತವೂ ಆ ಸಂಘದ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲೊಂದಾಗಿತ್ತೆಂಬುದನ್ನು ನೆನೆದರೆ ನನಗೆ ವ್ಯಥೆಯಾಗುತ್ತದೆ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಫಿನ್ನರ ಪರವಾಗಿ ಯಾರ ಹೃದಯ ಮಿಡಿಯಬೇಕಾಗಿತ್ತೋ ಆ ನಾವೇ ಪರಾಧೀನರು. ನಮ್ಮ ಹೆಸರಿನ ಪೀಠದಲ್ಲಿ ಕುಳಿತು ನುಡಿಯುವ ದನಿ ನಮ್ಮದಾಗಿರಲಿಲ್ಲ.

ಅಮೆರಿಕದ ಕಥೆ ಇನ್ನೊಂದು ಬಗೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಿಂದ ಸಾಲ ಪಡೆದಿದ್ದ ಯುರೋಪಿನ ದೊಡ್ಡ ದೊಡ್ಡ ರಾಷ್ಟ್ರಗಳೆಲ್ಲ ಕಂತು ಕಟ್ಟುವುದನ್ನು ನಿಲ್ಲಿಸಿಬಿಟ್ಟಿದ್ದಾಗ, ಫಿನ್ಲೆಂಡ್ ಮಾತ್ರ ತಪ್ಪದೆ ಕಟ್ಟುತ್ತಿತ್ತು. ಆ ಡಿಸೆಂಬರ್ 15ರ ಕಂತನ್ನೂ, ರಾಜಧಾನಿಯ ಮೇಲೆ ಬಾಂಬು ಬಿದ್ದು ಹದಿನೈದು ದಿನ ಕಳೆದಿರುವಾಗ, 2 ಲಕ್ಷ ಡಾಲರಿಗೂ ಮಿಕ್ಕ ಆ ಹಣವನ್ನು, ವಾಯಿದೆಗೆ ಸರಿಯಾಗಿ ಸಲ್ಲಿಸಿತು. ಈ ಒಂದು ನಡತೆಯು ಅಮೆರಿಕದ ಸಾಮಾನ್ಯ ಜನರ ಮನಸ್ಸನ್ನು ಕರಗಿಸಿದಂತೆ ಯಾವ ಭಾಷಣವೂ ಕರಗಿಸಿರಲಾರದು. ಹಿಂದಿನ ಅಧ್ಯಕ್ಷ ಹೂವರ್ ಪರಿಹಾರನಿಧಿಗೆ ಹಣ ಕೂಡಿಸಿದನು. ಆಗಿನ ಅಧ್ಯಕ್ಷ ರೂಸ್ವೆಲ್ಟ್ ದಾಳಿಯನ್ನು ಕಟುವಾಗಿ ಖಂಡಿಸಿದನು. ಆದರೆ ಸರ್ಕಾರವು ಒದಗಿಸಿದ 1 ಕೋಟಿ ಡಾಲರ್ ಸಾಲವು ಯುದ್ಧಸಾಮಗ್ರಿಯ ಖರೀದಿಗೆ ಸಲ್ಲದೆಂಬ ಕರಾರಿನದು. ಮಾರಲು ಒಪ್ಪಿದ 44 ಯುದ್ಧವಿಮಾನಗಳಲ್ಲಿ ಯುದ್ಧ ಮುಗಿಯುವುದರೊಳಗೆ ಬಂದು ತಲಪಿದವು ಬೆರಳೆಣಿಕೆಯಷ್ಟು. ಹೊಟ್ಟೆಗೆ ಹಿಟ್ಟು ಬಂತು, ಕೋವಿಗೆ ಗುಂಡು ಬರಲಿಲ್ಲ.

ಬ್ರಿಟನ್ ಮತ್ತು ಫ್ರಾನ್ಸುಗಳ ಸಹಾಯಸಂಕಲ್ಪವನ್ನು ಕುರಿತು ನಾನು ಹೆಚ್ಚು ಹೇಳಬಯಸುವುದಿಲ್ಲ. ಅವು ಆಯುಧಗಳನ್ನು ಕಳುಹಿಸಿದುದು ನಿಜ. ಸೈನ್ಯವನ್ನೂ ಕಳುಹಿಸುವೆವೆಂದವು, ಆದರೆ ಅದು ನಾರ್ವೆಯ ನಾರ್ವಿಕ್ ಬಂದರಿನಲ್ಲಿ ಇಳಿದು ಸ್ವೀಡನ್ನಿನ ಉತ್ತರಭಾಗವನ್ನು ಹಾದುಹೋಗಬೇಕಾಗಿತ್ತು, ಮತ್ತು ಆ ಹಾದಿಯಲ್ಲಿಯೇ ಜರ್ಮನಿಗೆ ಸರಬರಾಜಾಗುತ್ತಿದ್ದ ಕಬ್ಬಿಣದ ಅದಿರಿನ ಗಣಿಗಳು ಇದ್ದವು. ಫಿನ್ನರ ಕಣ್ಣೀರು ಎಷ್ಟು, ಅದಿರು ಎಷ್ಟು ಎಂಬುದನ್ನು ತೂಗಿ ನೋಡುವ ತಕ್ಕಡಿ ನನ್ನಲ್ಲಿಲ್ಲ. ಫಿನ್ನರ ನಾಯಕರಲ್ಲಿ ಅದು ಇದ್ದಿತು, ಅವರು ತೂಗಿಯೂ ನೋಡಿದರು.

ಸ್ವೀಡನ್ನಿನದೇ ಎಲ್ಲಕ್ಕಿಂತ ಕಠಿನವಾದ ಪರೀಕ್ಷೆ. ಆ ದೇಶದ ಜನ ಫಿನ್ನರ ಹೋರಾಟವನ್ನು ತಮ್ಮದೆಂದೇ ಭಾವಿಸಿದರು. ಸುಮಾರು 8,000 ಸ್ವಯಂಸೇವಕರು ಹೊರಟರು; ಬಂದೂಕುಗಳು, ಫಿರಂಗಿಗಳು, ಸಾಲದಾಗಿದ್ದ ತನ್ನ ವಿಮಾನಗಳಲ್ಲಿಯೇ ಒಂದು ದೊಡ್ಡ ಪಾಲು, ಇಷ್ಟನ್ನೂ ಅದು ಕೊಟ್ಟಿತು. ತಾನು ತಟಸ್ಥವೆಂದು ಸಾರದೆ, ಯುದ್ಧದಲ್ಲಿ ಸೇರಿಲ್ಲವೆಂದಷ್ಟೇ ಹೇಳಿತು. ಆದರೆ ತನ್ನ ಸೈನ್ಯವನ್ನು ಮಾತ್ರ ಕಳುಹಿಸಲಿಲ್ಲ, ಬ್ರಿಟನ್ ಫ್ರಾನ್ಸುಗಳ ಸೈನ್ಯಕ್ಕೆ ದಾರಿಯನ್ನೂ ಬಿಡಲಿಲ್ಲ. 1940ರ ಫೆಬ್ರವರಿ 19ರಂದು ವೃದ್ಧನಾದ ದೊರೆ ಐದನೆಯ ಗುಸ್ತಾವನು ತಾನೇ ಪ್ರಕಟಣೆಯನ್ನು ಕೊಟ್ಟು ಈ ನಿರ್ಧಾರವನ್ನು ಸಮರ್ಥಿಸಬೇಕಾಯಿತು. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ರಷ್ಯ. ದಾರಿ ಬಿಟ್ಟಿದ್ದರೆ ಸ್ವೀಡನ್ನೇ ರಣರಂಗವಾಗುತ್ತಿತ್ತು. ಈ ನಡತೆಯನ್ನು ಹೇಡಿತನವೆಂದು ಕರೆಯಲು ನನಗೆ ನಾಲಗೆ ಬಾರದು. ಧರ್ಮವೆಂದು ಕರೆಯಲು ಮನಸ್ಸು ಬಾರದು.

ಫಿನ್ನರು ಬಿಳಿಯ ನಿಲುವಂಗಿ ತೊಟ್ಟು, ಹಿಮದ ಮೇಲೆ ಜಾರುವ ಮರದ ಹಲಗೆಗಳನ್ನು ಕಾಲಿಗೆ ಕಟ್ಟಿ, ಕಾಡಿನ ದಾರಿಗಳಲ್ಲಿ ಶತ್ರುವಿನ ಉದ್ದನೆಯ ಸಾಲುಗಳನ್ನು ತುಂಡುತುಂಡಾಗಿ ಕಡಿದು ನೂರೈದು ದಿನ ಹೋರಾಡಿದರು. ಅವರಲ್ಲಿ ಮಡಿದವರು ಸುಮಾರು 25,000. ಎದುರಿನ ಪಕ್ಷದಲ್ಲಿ ಲಕ್ಷಕ್ಕೂ ಮಿಕ್ಕಿ. ಕೊನೆಗೆ ಬಲ ಉಡುಗಿತು. ಮಾರ್ಚ್ 12ರಂದು ಮಾಸ್ಕೋದಲ್ಲಿ ಸಂಧಿಯಾಯಿತು. ವೀಪುರಿ ನಗರವೂ ಫಿನ್ನರ ಕೈಯಲ್ಲಿದ್ದ ಕರೇಲಿಯದ ಬಹುಭಾಗವೂ ಹೋದವು. 4 ಲಕ್ಷಕ್ಕೂ ಮಿಕ್ಕ ಜನ ಮನೆಮಠ ಬಿಟ್ಟು ಪಶ್ಚಿಮಕ್ಕೆ ನಡೆದರು.

ಹಾಗಾದರೆ ಲೋಕದ ಮಾತೆಲ್ಲ ವ್ಯರ್ಥವಾಯಿತೆ? ನನಗೆ ಹಾಗೆ ತೋರುವುದಿಲ್ಲ. ತೆರಿಯೋಕಿಯ ಆ ಸರ್ಕಾರವನ್ನು ಸ್ಟಾಲಿನ್ ಸದ್ದಿಲ್ಲದೆ ಬದಿಗೊತ್ತಿ, ಹೆಲ್ಸಿಂಕಿಯ ನಿಜವಾದ ಸರ್ಕಾರದೊಡನೆಯೇ ಸಂಧಿ ಮಾಡಿಕೊಂಡನು. ಫಿನ್ನರ ಶೌರ್ಯವು ಇದಕ್ಕೆ ಮುಖ್ಯ ಕಾರಣ. ಬ್ರಿಟನ್ ಫ್ರಾನ್ಸುಗಳ ಸೈನ್ಯ ಬಂದೀತೆಂಬ ಶಂಕೆಯೂ ಒಂದು ಕಾರಣವೆಂದು ಚರಿತ್ರಕಾರರು ಎಣಿಸುತ್ತಾರೆ. ಬರುವೆನೆಂದ ಸೈನ್ಯ ಬರಲಿಲ್ಲ, ಅದರ ನೆರಳು ಬಂದಿತು, ಆ ನೆರಳೇ ಒಂದಿಷ್ಟು ಕೆಲಸ ಮಾಡಿತು. ಅದೇ ವರ್ಷದ ಬೇಸಗೆಯಲ್ಲಿ ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳು ಸೋವಿಯತ್ ಒಕ್ಕೂಟದಲ್ಲಿ ಕರಗಿಹೋದವು. ಅಂಗಭಂಗವಾದ ಫಿನ್ಲೆಂಡ್ ಸ್ವತಂತ್ರವಾಗಿಯೇ ಉಳಿಯಿತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಚಿತ್ರ ನನ್ನ ಮನಸ್ಸನ್ನು ಬಿಟ್ಟು ಹೋಗದು. ಆ ಚಳಿಗಾಲದಲ್ಲಿಯೂ, ಮುಂದೆ ಮತ್ತೆ ಯುದ್ಧವಾದ ವರ್ಷಗಳಲ್ಲಿಯೂ, ಒಟ್ಟು ಸುಮಾರು 70,000 ಫಿನ್ನಿಷ್ ಮಕ್ಕಳನ್ನು ಸ್ವೀಡನ್ನಿನ ಮನೆಗಳು ಸಾಕಿಕೊಂಡವು. ಹೆಸರನ್ನು ಬರೆದ ಚೀಟಿಯನ್ನು ಕೊರಳಿಗೆ ಕಟ್ಟಿ, ತಾಯಂದಿರು ಅವರನ್ನು ರೈಲಿಗೆ ಹತ್ತಿಸಿದರು. ಸೈನ್ಯವನ್ನು ಕಳುಹಿಸಲಾರದ ದೇಶವು ತನ್ನ ಮನೆಯ ಬಾಗಿಲನ್ನು ತೆರೆಯಿತು. ಸಾಮಾನ್ಯ ಸಂಸಾರಸ್ಥರು, ರೈತರು, ಬೇರೆಯವರ ಕೂಸುಗಳಿಗೆ ಹಾಲು ಅನ್ನ ಹಾಸಿಗೆಗಳನ್ನು ಕೊಟ್ಟು, ತಮ್ಮ ಮಕ್ಕಳಂತೆಯೇ ನೋಡಿಕೊಂಡರು. ಕೆಲವು ಸಾವಿರ ಮಕ್ಕಳು ಹಿಂದಿರುಗಲೇ ಇಲ್ಲ. ಹಿಂದಿರುಗಿದವರಲ್ಲಿ ಅನೇಕರಿಗೆ ಫಿನ್ನಿಷ್ ಮರೆತುಹೋಗಿತ್ತು. ನಿಲ್ದಾಣದಲ್ಲಿ ಕಾದು ನಿಂತಿದ್ದ ತಾಯಿ ಹೆಸರು ಹಿಡಿದು ಕರೆದು ಮೈದಡವಿ ಏನೇನೋ ಕೇಳಿದರೆ, ಮಗು ಅವಳ ಮುಖವನ್ನೇ ನೋಡುತ್ತ, ಅವಳಿಗೆ ತಿಳಿಯದ ಸ್ವೀಡಿಷ್ ಭಾಷೆಯಲ್ಲಿ ಉತ್ತರ ಕೊಡುತ್ತಿತ್ತು.